ಎಲ್ಲ ಎದ್ದ ಮೇಲೆ

ಗಂಗಾಲಕ್ಷ್ಮಿ ಬಲಗಾಲನ್ನು ಟೆಂಪೋದ ಕಬ್ಬಿಣದ ಮೆಟ್ಟಿಲ ಮೇಲಿಟ್ಟಳು. ಎಡಗಾಲು ನೆಲ ಬಿಡಲಿಲ್ಲ. ಒಳಗೆ ಒತ್ತೊತ್ತಾಗಿ ನಿಂತಿದ್ದ ಹೆಂಗಸರು ಸರಿದು ಜಾಗ ಮಾಡಿದರು. ಪಕ್ಕದೂರಿನ ಹುಡುಗಿಯೊಬ್ಬಳು ಕೈ ಚಾಚಿ, "ಬಾಕ್ಸ್ ಕೊಡಕ್ಕ ಮೊದ್ಲು," ಅಂದಳು. ಗಂಗಾಲಕ್ಷ್ಮಿ ಆ ಕೈಯನ್ನು ನೋಡಿದಳು, ಅದರ ಹಿಂದಿನ ಮಬ್ಬನ್ನು ನೋಡಿದಳು, ಮೇಲೆ ಬಿಗಿದಿದ್ದ ನೀಲಿ ತಾಡಪಾಲನ್ನು ನೋಡಿದಳು. ಕಾರ್ತಿಕದ ಬೆಳಗಿನ ಚಳಿಯಲ್ಲಿ ಅವಳ ಬೆನ್ನ ಮೇಲೆ ಬೆವರಿಳಿಯಿತು.

"ಹತ್ತಕ್ಕ, ಟೈಮಾಯ್ತು," ಎಂದು ಅರುಣ್‌ಕುಮಾರ್ ಡ್ರೈವರ್ ಸೀಟಿನಿಂದ ತಲೆ ಹೊರಗೆ ಹಾಕಿದ. ಮಾಲೂರಿನ ಒಂದು ಕಾರ್ಖಾನೆಗೆ ಲಕ್ಕೂರು ಸುತ್ತಲಿನ ಹಳ್ಳಿಗಳಿಂದ ಹೆಂಗಸರನ್ನು ಒದಗಿಸುವ ಮೇಸ್ತ್ರಿ ಅವನು. ಟೆಂಪೋವೂ ಅವನದೇ. ಬೆಳಿಗ್ಗೆ ಹೆಂಗಸರನ್ನು ಸಾಗಿಸುತ್ತಿದ್ದ, ಮಧ್ಯಾಹ್ನ ಅದೇ ಟೆಂಪೋದಲ್ಲಿ ಟೊಮೆಟೊ ಕ್ರೇಟು ಸಾಗಿಸುತ್ತಿದ್ದ. ಕ್ರೇಟುಗಳು ಅಲುಗಾಡದಂತೆ ಹಗ್ಗ ಹಾಕಿ ಬಿಗಿಯುತ್ತಿದ್ದ. ಹೆಂಗಸರಿಗೆ ಆ ಭಾಗ್ಯವೂ ಇರಲಿಲ್ಲ.

ಗಂಗಾಲಕ್ಷ್ಮಿ ಕಾಲು ಕೆಳಗಿಳಿಸಿದಳು. "ನಾಳೆ ಬರ್ತೀನಿ ಕಣೋ."

"ದೀಪಾವಳಿ ಆದಾಗಿಂದ ಬರೀ ನಾಳೆ ಅಂತಾನೇ ಇದೀಯ. ನಾನೇನೋ ಸುಮ್ನಿರ್ತೀನಿ, ಕಾರ್ಖಾನೆಯವ್ರು ಬಿಡ್ಬೇಕಲ್ಲ? ನಿಂದು, ಭಾರತಕ್ಕಂದು, ಶ್ವೇತಂದು, ಮೂರು ಜಾಗಾನೂ ಹಂಗೇ ಇಟ್ಟವ್ರೆ. ಬರೋ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ಕೊನೆ. ಆಮೇಲೆ ಬೇರೆಯವ್ರನ್ನ ತಗೊಳ್ತಾರೆ. ನನ್ನ ಕೇಳ್ಬೇಡ."

ಟೆಂಪೋ ಹೋಯಿತು. ಅದಕ್ಕೆ ಅರುಣ್‌ಕುಮಾರ್ ಹೊಸದಾಗಿ ಹಸಿರು ಬಣ್ಣ ಬಳಿಸಿದ್ದ. ಬಣ್ಣ ಬಳಿದರೆ ಯಾರಿಗೂ ಗುರುತು ಸಿಗುವುದಿಲ್ಲ ಎಂದು ಅವನು ನಂಬಿದ್ದನೇನೋ. ಹಿಂದಿನ ಬಾಗಿಲಿನ ಚಿಲಕದ ಸದ್ದು ಮಾತ್ರ ಬದಲಾಗಿರಲಿಲ್ಲ.

ಗೌರಿ ಹಬ್ಬದ ಹಿಂದಿನ ವಾರ ಇದೇ ಟೆಂಪೋ ಕೆರೆ ಕಟ್ಟೆಯ ತಿರುವಿನಲ್ಲಿ ಮಗುಚಿ ಬಿದ್ದಿತ್ತು. ಆವತ್ತು ಜೋರು ಮಳೆ. ತಾಡಪಾಲನ್ನು ಹಿಂದಿನವರೆಗೂ ಎಳೆದು ಕಟ್ಟಿದ್ದರಿಂದ ಒಳಗೆಲ್ಲ ಕತ್ತಲು. ಅದರ ಮೇಲೆ ಮಳೆ ಬಡಿಯುವ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಈ ಊರಿನಿಂದ ಹತ್ತಿದ್ದವರು ನಾಲ್ವರು. ಭಾರತಮ್ಮನ ಕಾಲು ಮುರಿಯಿತು. ಗಂಗಾಲಕ್ಷ್ಮಿಯ ಭುಜ ಜಾರಿತು, ಆಸ್ಪತ್ರೆಯಲ್ಲಿ ಮತ್ತೆ ಕೂರಿಸಿದರು. ಶ್ವೇತ ಎಂಬ ಹುಡುಗಿಗೆ ಮೈಮೇಲೆ ಒಂದು ಗೀರೂ ಆಗಲಿಲ್ಲ. ಆದರೆ ಆವತ್ತಿನಿಂದ ಅವಳ ಮಾತು ಕಡಿಮೆಯಾಗುತ್ತಾ ಬಂದು, ಈಗ ಹೂಂ, ಉಹೂಂಗೆ ಬಂದು ನಿಂತಿತ್ತು. ನಾಲ್ಕನೆಯವಳು ಅನಿತ. ಅವಳು ಮನೆಗೆ ಬರಲಿಲ್ಲ.

ಊರಿನವರದು ಒಳ್ಳೆಯ ಮನಸ್ಸೇ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಗಾಯ ಕೆದಕಬಾರದು, ಆ ಮಾತು ಯಾರೂ ಎತ್ತಬಾರದು ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಗಾಯವಾದವರನ್ನು ಮಾತ್ರ ಯಾರೂ ಕೇಳಿರಲಿಲ್ಲ. ಗಂಗಾಲಕ್ಷ್ಮಿ ನಲ್ಲಿ ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು, ಆಮೇಲೆ ಹುರುಳಿಕಾಯಿ ವಿಷಯ ಶುರುವಾಗುತ್ತಿತ್ತು. ಹುರುಳಿಕಾಯಿ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು.

ಮನೆಗೆ ಬಂದರೆ ಅತ್ತೆ ಮುತ್ಯಾಲಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಮನೆಗೆ ತಗುಲಿಕೊಂಡ ಶೀಟಿನ ಕೋಣೆ ಅದು. ತಟ್ಟೆಗಳ ತುಂಬ ರೇಷ್ಮೆ ಹುಳು. ಹುಳುವಿಗೆ ಒಗ್ಗರಣೆ ಹೊಗೆ ಆಗುವುದಿಲ್ಲ, ಬೀಡಿ ಆಗುವುದಿಲ್ಲ, ಸೆಂಟು ಆಗುವುದಿಲ್ಲ. ಈ ಪಟ್ಟಿಗೆ ಮುತ್ಯಾಲಮ್ಮ ಇನ್ನೊಂದನ್ನು ಸೇರಿಸಿದ್ದಳು.

"ಹೆದರಿದ ಮೈ ಹುಳಕ್ಕಾಗಲ್ಲ ಅಮ್ಮಾಯಿ. ನೀನು ಒಳಗೆ ಬರ್ಬೇಡ. ಸೊಪ್ಪು ಅಲ್ಲೇ ಇಡು, ನಾನು ಹಾಕ್ತೀನಿ."

ಅತ್ತೆ ಕೆಟ್ಟವಳಲ್ಲ. ಸೊಸೆಗೆ ತಾಯಿತ ಕಟ್ಟಿಸಲು ಮುಳಬಾಗಿಲಿನವರೆಗೂ ಹೋಗಿ ಬಂದವಳು. ಆದರೆ ಕಳೆದ ಬೆಳೆಯಲ್ಲಿ, ಹುಳುಗಳು ಕೊನೆಯ ಹಂತದಲ್ಲಿ ಹಗಲಿರುಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ, ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ನೆಲಕ್ಕೆ ಬಿಟ್ಟು ಅಂಗಳಕ್ಕೆ ಓಡಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಯಾಕೆ ಓಡಿದೆ ಎಂದು ಗಂಗಾಲಕ್ಷ್ಮಿ ಯಾರಿಗೂ ಹೇಳಿರಲಿಲ್ಲ. ಬಲಿತ ಹುಳುಗಳೆಲ್ಲ ಒಟ್ಟಿಗೆ ಸೊಪ್ಪು ಮೇಯುವಾಗ ಆ ಕೋಣೆಯಲ್ಲಿ ಏಳುವ ಸದ್ದು ಥೇಟ್ ಮಳೆಯದು. ಹುಟ್ಟಿದಾಗಿನಿಂದ ಕೇಳಿ ಜೋಗುಳದಂತೆ ನಿದ್ದೆ ಮಾಡಿದ್ದ ಸದ್ದು. ಈಗ ಅದು ಕಿವಿಗೆ ಬಿದ್ದರೆ ಸಾಕು, ಕತ್ತಲಾಗಿ, ಮೇಲೆ ತಾಡಪಾಲು ಬಿಗಿದಂತಾಗಿ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಇದನ್ನು ಹೇಳಿದರೆ ಹುಚ್ಚು ಅನ್ನುತ್ತಾರೆ ಎಂದು ಬಾಯಿ ಮುಚ್ಚಿಕೊಂಡಿದ್ದಳು.

ಗುರುವಾರ ಅವಳ ಗಂಡ ನಂದೀಶ್ ಅವಳನ್ನು ಲಕ್ಕೂರಿನ ಆರೋಗ್ಯ ಕೇಂದ್ರಕ್ಕೆ ಕಳಿಸಿದ. ಅಲ್ಲಿಗೆ ವಾರಕ್ಕೊಮ್ಮೆ ಆಪ್ತಸಮಾಲೋಚಕಿಯೊಬ್ಬರು ಬರುತ್ತಾರೆ, ಮಾತಾಡಿಸುತ್ತಾರೆ, ಇಂಜೆಕ್ಷನ್ ಇಲ್ಲ ಎಂದು ಯಾರೋ ಹೇಳಿದ್ದರು. ಗಂಗಾಲಕ್ಷ್ಮಿ ಹೊಲದ ಬದುವಿನ ಮೇಲೆ ನಡೆದೇ ಹೋದಳು. ಲಸಿಕೆಯ ಫ್ರಿಜ್ಜು ಗುಂಯ್‌ಗುಡುತ್ತಿದ್ದ ಕೋಣೆಯಲ್ಲಿ ತ್ರಿವೇಣಿ ಎಂಬ ಹೆಣ್ಣುಮಗಳು ಕೂತಿದ್ದಳು. ಶ್ರೀನಿವಾಸಪುರದ ಕಡೆಯವಳು. ಕೂತ ಕೂಡಲೇ ಗಂಗಾಲಕ್ಷ್ಮಿಯೇ ಮೊದಲು ಬಾಯಿ ತೆರೆದಳು.

"ಆವತ್ತು ಏನಾಯ್ತು ಅಂತ ಪೊಲೀಸ್ನೋರಿಗೆ ಹೇಳಿದೀನಿ. ಇನ್ನೊಂದ್ಸಲ ಹೇಳಲ್ಲ."

"ಬೇಡ ಬಿಡಿ," ಅಂದಳು ತ್ರಿವೇಣಿ. "ಟೀ ಕುಡೀತೀರಾ?"

ಜಗಳಕ್ಕೆ ಸಿದ್ಧವಾಗಿ ಬಂದಿದ್ದ ಗಂಗಾಲಕ್ಷ್ಮಿಗೆ ಇದರಿಂದ ಸ್ವಲ್ಪ ನಿರಾಸೆಯೇ ಆಯಿತು. ಟೀ ಕುಡಿದರು. ಉಸಿರು ಕಟ್ಟಿದಂತಾದಾಗ ಕಾಲು ನೆಲದ ಮೇಲಿರುವುದನ್ನು ಒತ್ತಿ ನೋಡಿಕೊಳ್ಳಿ, ಕೈಗೆ ಸಿಕ್ಕಿದ್ದನ್ನು ಮುಟ್ಟಿ ಇದು ಇಂಥದ್ದು ಎಂದು ಹೇಳಿಕೊಳ್ಳಿ ಎಂದು ತ್ರಿವೇಣಿ ಹೇಳಿಕೊಟ್ಟಳು.

"ಕಾಲು ನೆಲದ ಮೇಲಿಲ್ದೆ ಇನ್ನೆಲ್ಲಿರುತ್ತೆ ಮೇಡಂ?"

"ನಿಮ್ಮ ಮೈಗೆ ಅದು ಮರ್ತೋಗಿದೆ. ಇನ್ನೂ ಆ ಟೆಂಪೋದಲ್ಲೇ ಇದೀನಿ ಅಂದ್ಕೊಂಡಿದೆ. ನಿಮ್ಮನ್ನ ಕಾಯೋಕೆ ಅಂತಾನೇ ಬೆವರಿಸುತ್ತೆ, ಓಡಿಸುತ್ತೆ. ಅದೇನು ಹುಚ್ಚಲ್ಲ." ಆಮೇಲೆ ಕೇಳಿದಳು, "ಜೊತೇಲಿದ್ದವರು ಹೇಗಿದಾರೆ?"

ಗಂಗಾಲಕ್ಷ್ಮಿಗೆ ಉತ್ತರ ಗೊತ್ತಿರಲಿಲ್ಲ. ಭಾರತಮ್ಮನ ಮನೆ ಅದೇ ಬೀದಿ, ಶ್ವೇತಳದು ಹಿಂದಿನ ಬೀದಿ. ಎದುರಿಗೆ ಸಿಕ್ಕರೆ ಮೂವರೂ ತಲೆ ತಗ್ಗಿಸಿ ಹೋಗುತ್ತಿದ್ದರು, ಕದ್ದು ಸಿಕ್ಕಿಬಿದ್ದವರಂತೆ. ಇದನ್ನು ಹೇಳುವಾಗ ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು.

"ನಮ್ಮನ್ನ ಟೆಂಪೋ ಹತ್ಸೋಕೆ ಅರುಣ ನಿಮಗೆ ಹೇಳಿದಾನಂತೆ. ಅದಕ್ಕೇ ಬಂದಿರೋದಾ ನೀವು?"

ತ್ರಿವೇಣಿ ಲೋಟ ಕೆಳಗಿಟ್ಟಳು. "ಹೇಳಿದ್ದು ನಿಜ. ನಾನು ಒಪ್ಪಿಲ್ಲ. ಹತ್ತೋದು ಬಿಡೋದು ನಿಮ್ಮಿಷ್ಟ. ನಾನು ಬರೋದು ನೀವು ಚೆನ್ನಾಗಿರ್ಲಿ ಅಂತ, ಅವರ ಗಾಡಿ ತುಂಬ್ಲಿ ಅಂತಲ್ಲ." ಮತ್ತೆ ಅಂದಳು, "ಒಬ್ಬರೇ ಹೆದರ್ಕೊಂಡಿರೋದೇ ಬೇರೆ, ಜೊತೇಲಿ ಹೆದರ್ಕೊಂಡಿರೋದೇ ಬೇರೆ. ನೀವು ಮೂರೂ ಜನ ಒಂದ್ಕಡೆ ಕೂತ್ರೆ ನಾನೇ ಅಲ್ಲಿಗೆ ಬರ್ತೀನಿ. ನಿಮ್ಮೂರಲ್ಲಿ ಹೆಂಗಸರು ಸುಮ್ನೆ ಎಲ್ಲಿ ಕೂತ್ಕೊಳ್ತೀರಿ?"

"ಸುಮ್ನೆ ಎಲ್ಲಿ ಕೂರ್ತೀವಿ ಮೇಡಂ? ಕೆಲ್ಸ ಇದ್ರೆ ಹುಳಮನೇಲಿ ಕೂರ್ತೀವಿ."

ದಾರಿಯುದ್ದಕ್ಕೂ ಆ ಮಾತು ಅವಳ ಜೊತೆ ಬಂತು. ಸಂಜೆ ಊಟಕ್ಕೆ ಕೂತಾಗ ನಂದೀಶ್, "ರತ್ನಮ್ಮನೋರ ಹುಳ ನಾಲ್ಕನೇ ಜ್ವರಕ್ಕೆ ಕೂತವಂತೆ. ಒಬ್ರೇ ಹೆಂಗ್ ಮೇಯಿಸ್ತಾರೋ," ಅಂದ. ವೆಂಕಟರತ್ನಮ್ಮ ಅನಿತಳ ತಾಯಿ. ಗಂಡನಿಲ್ಲ, ಈಗ ಮಗಳೂ ಇಲ್ಲ. ಮಗಳು ಹೋದ ಮೇಲೆ ಹುಳುಮನೆಗೆ ಬೀಗ ಹಾಕಿದ್ದವಳು ಈ ಸಲ ಮತ್ತೆ ಹುಳು ಸಾಕತೊಡಗಿದ್ದಳು. ಗಂಗಾಲಕ್ಷ್ಮಿ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಆ ಮನೆಗೆ ಹೋಗ್ಬೇಡ," ಅಂದಳು ಮುತ್ಯಾಲಮ್ಮ, ಸೊಸೆಯ ಮುಖ ನೋಡಿಯೇ. "ಅವಳಿಗೂ ನೋವು, ನಿಂಗೂ ನೋವು."

"ಹೋಗ್ತೀನಿ ಅತ್ತೆ. ಮುಯ್ಯಿ ಬಾಕಿ ಇದೆ."

ಹುಳುಗಳು ಹಣ್ಣಾದ ದಿನ ಊರಿನಲ್ಲಿ ಯಾರೂ ಕೂಲಿ ಕೇಳುವುದಿಲ್ಲ. ಇವತ್ತು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು, ಇದೇ ಮುಯ್ಯಿ. ಹಣ್ಣಾದ ಹುಳು ಗೂಡು ಕಟ್ಟಲು ಆತುರಪಡುತ್ತದೆ, ಬೇಗ ಆಯ್ದು ಚಂದ್ರಿಕೆಯ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಯ ಮೇಲೆ ಬಿಡದಿದ್ದರೆ ಬೆಳೆ ಹಾಳು. ಟೆಂಪೋ ಮಗುಚಿದ ದಿನ ಅನಿತ ರಜಾ ಹಾಕುತ್ತೇನೆ ಅಂದಿದ್ದಳು, ಮನೆಯಲ್ಲಿ ಹುಳು ಹಣ್ಣಾಗತೊಡಗಿದ್ದವು. ಗಂಗಾಲಕ್ಷ್ಮಿಯೇ, ಬಾರೇ, ಸಾಯಂಕಾಲ ನಾನೂ ಮುಯ್ಯಿ ಬರ್ತೀನಿ, ಇಬ್ಬರೂ ಸೇರಿ ಆಯ್ದುಬಿಡೋಣ ಎಂದು ಹೊರಡಿಸಿದ್ದಳು.

ಮರುದಿನ ಬೆಳಿಗ್ಗೆ ಗಂಗಾಲಕ್ಷ್ಮಿ ಹೋದಾಗ ವೆಂಕಟರತ್ನಮ್ಮ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. ಹುಳುಮನೆಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಹುಳು ನಾಲ್ಕು ಸಲ ಚರ್ಮ ಕಳಚುತ್ತದೆ, ಜನ ಅದನ್ನೇ ಜ್ವರ ಎನ್ನುತ್ತಾರೆ. ಆಗ ಅದು ಮೇಯುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ಕೂತಿರುತ್ತದೆ. ತಟ್ಟೆ ತಟ್ಟೆಯ ತುಂಬ ಹಾಗೆ ಕೂತಿದ್ದವು. ಬಾಗಿಲಲ್ಲಿ ನೆರಳು ಬಿದ್ದದ್ದಕ್ಕೆ ವೆಂಕಟರತ್ನಮ್ಮ ತಿರುಗಿದಳು.

"ಮುಯ್ಯಿ ಬರ್ತೀನಿ ಅಂದಿದ್ಯಂತೆ. ಎಲ್ಲಿ?"

ಗಂಗಾಲಕ್ಷ್ಮಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಿಮಗೆ..."

"ಬಾಕ್ಸಿಗೆ ಅನ್ನ ಹಾಕೋವಾಗ ಹೇಳಿದ್ಲು. ಗಂಗಕ್ಕ ಸಾಯಂಕಾಲ ಬರ್ತಾಳೆ, ನೀನೊಬ್ಳೇ ಒದ್ದಾಡ್ಬೇಡ ಅಂತ." ಅವಳ ದನಿ ಏರಲಿಲ್ಲ. "ಆವತ್ತಿನ ಹುಳ ಸೊಪ್ಪಿನ ಮೇಲೇ ಗೂಡು ಕಟ್ಟಿದ್ವು. ಇನ್ನೂ ಕೆಲವು ಗೋಡೆ ಹತ್ತಿದ್ವು. ಸಿಟ್ಟು ಬಂದಿತ್ತು ನಿನ್ಮೇಲೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನೀನು ಕರ್ಕೊಂಡ್ ಹೋದೆ ಅಂತಲ್ಲ ಕಣೇ. ಆಮೇಲೆ ಒಂದ್ಸಲ ಈ ಬಾಗ್ಲಿಗೆ ಬರ್ಲಿಲ್ವಲ್ಲ, ಅದಕ್ಕೆ. ಊರಲ್ಲಿ ಯಾರೂ ನನ್ ಮಗಳ ಹೆಸರು ಹೇಳಲ್ಲ. ನೀನಾದ್ರೂ ಬಂದು ಹೇಳ್ತೀಯ ಅಂದ್ಕೊಂಡಿದ್ದೆ."

"ಅನಿತ," ಅಂದಳು ಗಂಗಾಲಕ್ಷ್ಮಿ. ಇಷ್ಟು ದಿನ ಬಾರದ ಅಳು ಆಗ ಬಂತು, ನಿಲ್ಲಿಸಲು ಆಗಲಿಲ್ಲ, ನಿಲ್ಲಿಸಬೇಕು ಅಂತಲೂ ಅನಿಸಲಿಲ್ಲ.

ವೆಂಕಟರತ್ನಮ್ಮ ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು, ನೆಲದ ಮೇಲಿದ್ದ ಗೋಣಿಚೀಲವನ್ನು ಕಾಲಿನಿಂದ ಸರಿಪಡಿಸಿದಳು. "ರಾ, ಕೂಚೋ," ಎಂದು ಕೂರಲು ಕರೆದಳು. ದುಃಖ ಬಂದಾಗ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಗಂಗಾಲಕ್ಷ್ಮಿ ಉಳಿದ ಇಬ್ಬರನ್ನೂ ಕರೆತಂದಳು. ಭಾರತಮ್ಮ ಕೋಲೂರಿಕೊಂಡು ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಕಾಲೊಳಗೆ ರಾಡು. "ಗುಜರಿಯವನು ಬಂದ್ರೆ ನನ್ನನ್ನೇ ತೂಕಕ್ಕೆ ಹಾಕ್ತಾನೆ," ಅನ್ನುತ್ತಾ ಗೋಣಿಚೀಲದ ಮೇಲೆ ಕಾಲು ನೀಡಿ ಕೂತಳು. ಶ್ವೇತ ಹೊಸ್ತಿಲಾಚೆಯೇ ನಿಂತಳು. ಭಾರತಮ್ಮ ಆಸ್ಪತ್ರೆಯ ಕಥೆ ಹೇಳಿದಳು, ಮಂಚ ಹಿಡಿದು ಮಲಗಿದ್ದ ದಿನಗಳ ಕಥೆ ಹೇಳಿದಳು, ಆಮೇಲೆ ದನಿ ತಗ್ಗಿಸಿ, ಮಗುಚಿದ ಟೆಂಪೋದೊಳಗೆ ತನ್ನ ಮೇಲೆ ಯಾರೋ ಬಿದ್ದಿದ್ದರು, ಅದು ಯಾರು ಅಂತ ಇವತ್ತಿಗೂ ಗೊತ್ತಿಲ್ಲ ಅಂದಳು. ಗಂಗಾಲಕ್ಷ್ಮಿಗೆ ಎದೆ ಹಗುರಾಯಿತು. ಹಗುರಾದ ಸಂತೋಷದಲ್ಲಿ ಶ್ವೇತಳ ಕಡೆ ತಿರುಗಿ, "ನೀನೂ ಹೇಳೇ. ಹೇಳಿಬಿಟ್ರೆ ಸರಿಹೋಗುತ್ತೆ. ನೀನು ಅನಿತನ ಪಕ್ಕದಲ್ಲೇ ಇದ್ದೆ ಅಲ್ವಾ?" ಅಂದುಬಿಟ್ಟಳು.

ಶ್ವೇತ ಹಿತ್ತಲಿಗೆ ಓಡಿ, ದನದ ಗೊಂತಿನ ಪಕ್ಕ ಕೂತು ವಾಂತಿ ಮಾಡಿಕೊಂಡಳು. ಗಂಗಾಲಕ್ಷ್ಮಿ ಹಿಂದೆ ಹೋಗಲು ಎದ್ದರೆ ವೆಂಕಟರತ್ನಮ್ಮ ಸೆರಗು ಹಿಡಿದು ಕೂರಿಸಿದಳು.

"ಹುಳ ಮೇಯಿಸೋ ಮನೇಲಿ ಹುಟ್ಟಿದೀಯ. ಜ್ವರದಲ್ಲಿರೋ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರೇನೇ?"

"ಬೇಗ ಹುಷಾರಾಗ್ಲಿ ಅಂತ ದೊಡ್ಡಮ್ಮ."

"ನೀನೆದ್ದೆ, ಅವಳೆದ್ದಿಲ್ಲ. ಮೊದ್ಲು ಎದ್ದಿರೋವು ಕಾಯ್ಬೇಕು. ಎಲ್ಲ ಎದ್ದ ಮೇಲೇ ಸೊಪ್ಪು ಹಾಕೋದು. ಮುಂಚೆ ಹಾಕಿದ್ರೆ ಕೆಲವು ದಪ್ಪ, ಕೆಲವು ಸಣ್ಣ ಆಗಿ ಎಲ್ಲಾ ಕೆಡ್ತವೆ. ನಾನು ನಿಂಗೆ ಹೇಳ್ಕೊಡ್ಬೇಕಾ ಇದನ್ನ?"

ಗಂಗಾಲಕ್ಷ್ಮಿ ನೀರಿನ ಚೊಂಬು ಒಯ್ದು ಶ್ವೇತಳ ಪಕ್ಕ ಇಟ್ಟಳು. ತಾನೂ ಅಲ್ಲೇ, ಸ್ವಲ್ಪ ದೂರದಲ್ಲಿ ಕೂತಳು. ಏನೂ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಶ್ವೇತ ನೀರು ಕುಡಿದು, "ನಾಳೆ ಬರ್ಲಾ ಗಂಗಕ್ಕ?" ಅಂದಳು. ಅಷ್ಟು ದೊಡ್ಡ ಮಾತನ್ನು ಅವಳು ಎಷ್ಟೋ ದಿನಗಳಿಂದ ಆಡಿರಲಿಲ್ಲ.

ಹುಳುಗಳೆಲ್ಲ ಜ್ವರದಿಂದ ಎದ್ದವು. ನಂದೀಶ್ ಹೊರೆ ಹೊರೆ ಸೊಪ್ಪು ತಂದು ವೆಂಕಟರತ್ನಮ್ಮನ ಬಾಗಿಲಲ್ಲಿ ಹಾಕಿದ. ಗಂಗಾಲಕ್ಷ್ಮಿಗೆ ಗೊತ್ತಿತ್ತು, ಇನ್ನು ಆ ಸದ್ದು ಶುರುವಾಗುತ್ತದೆ. ಒಂದೆರಡು ದಿನ ಅದು ಸಣ್ಣಗೆ ಜಿನುಗುತ್ತಿತ್ತು. ಗುರುವಾರ ತ್ರಿವೇಣಿ ಊರಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಅವರ ಜೊತೆ ಗೋಣಿಚೀಲದ ಮೇಲೆ ಕೂತು ಒಣಗಿದ ಸೊಪ್ಪು ಬೇರೆ ಮಾಡತೊಡಗಿದ ಹೊತ್ತಿಗೆ ಸದ್ದು ತುಂಬಿ ಬಂದಿತ್ತು. ಹೊರಗೆ ಬಿಸಿಲು, ಒಳಗೆ ಜಡಿಮಳೆ.

ಗಂಗಾಲಕ್ಷ್ಮಿಯ ಕೈ ತಣ್ಣಗಾಯಿತು. ಕಾಲು ನೆಲಕ್ಕೆ ಒತ್ತಿದಳು. ಗೋಣಿಚೀಲ ಮುಟ್ಟಿ ಇದು ಗೋಣಿಚೀಲ ಅಂದುಕೊಂಡಳು. ಸಾಲಲಿಲ್ಲ. ಏಳಬೇಕು ಅನ್ನುವಾಗ ಭಾರತಮ್ಮನ ಕಡೆ ಕಣ್ಣು ಹೋಯಿತು. ಭಾರತಮ್ಮ, ಆ ಗಟ್ಟಿ ಹೆಂಗಸು, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ ಸೂರಿನ ಕಡೆ ನೋಡುತ್ತಿದ್ದಳು.

"ಭಾರತಕ್ಕ, ನಿಂಗೂ ಕೇಳ್ತದಾ?"

"ತಾಡಪಾಲ್ ಮೇಲೆ ಬಿದ್ದಂಗೆ," ಅಂದಳು ಭಾರತಮ್ಮ.

"ಹೂಂ," ಎಂಬ ದನಿ ಹೊಸ್ತಿಲಿನಿಂದ ಬಂತು. ಶ್ವೇತ ಮೊಣಕಾಲು ತಬ್ಬಿಕೊಂಡು ಕೂತಿದ್ದಳು.

ಗಂಗಾಲಕ್ಷ್ಮಿ ಇಬ್ಬರನ್ನೂ ನೋಡಿದಳು. ನನಗೊಬ್ಬಳಿಗೇ ಅಂದುಕೊಂಡಿದ್ದೆ ಎಂದು ಹೇಳಲು ಹೋಗಿ ನಗು ಬಂತು, ಭಾರತಮ್ಮನಿಗೂ ಬಂತು. ತ್ರಿವೇಣಿ ನಗಲೂ ಇಲ್ಲ, ಉಪದೇಶಕ್ಕೂ ಇಳಿಯಲಿಲ್ಲ. "ಹೊರಗೆ ಹೋಗಿ ಬರೋಣ್ವಾ? ಬೇಕಾದಾಗ ಮತ್ತೆ ಒಳಗೆ ಬರ್ಬೋದು," ಅಂದಳು ಅಷ್ಟೇ. ಎಲ್ಲರೂ ಹೊರಗೆ ಹೋದರು, ಹೊಂಗೆ ಮರದ ಕೆಳಗೆ ನಿಂತು ಉಸಿರು ತೆಗೆದುಕೊಂಡರು, ಮತ್ತೆ ಒಳಗೆ ಬಂದರು. ಸೊಪ್ಪು ಹಾಕುವಾಗಲೆಲ್ಲ ಹೀಗೇ ಆಯಿತು. ಪ್ರತಿ ಸಲವೂ ಇನ್ನಷ್ಟು ಹೊತ್ತು ಒಳಗೆ ಕೂತರು. ಮಾತು ಅನಿತಳ ಸುತ್ತ ಬರುತ್ತಿತ್ತು, ಅವಳು ಬಸ್ಸಿನಲ್ಲಿ ಕಂಡಕ್ಟರನಿಗೆ ಬೈದದ್ದು, ಬೇರೆಯವರ ಬಾಕ್ಸಿನ ಉಪ್ಪಿನಕಾಯಿ ಕದ್ದು ತಿನ್ನುತ್ತಿದ್ದದ್ದು. ವೆಂಕಟರತ್ನಮ್ಮ ಕೇಳಿ ಕೇಳಿ ಹೇಳಿಸಿಕೊಳ್ಳುತ್ತಿದ್ದಳು.

ಶನಿವಾರ ಮುತ್ಯಾಲಮ್ಮ ಬಂದಳು. ಸೊಸೆಯನ್ನು ಕರೆದೊಯ್ಯಲೆಂದೇ ಬಂದದ್ದು ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

"ಏಮೇ ರತ್ನಮ್ಮ, ಇವ್ರನ್ನೆಲ್ಲ ಒಳಗೆ ಕೂರಿಸ್ಕೊಂಡಿದೀಯ. ಹೆದರಿದ ಮೈ ಹುಳಕ್ಕಾಗಲ್ಲ ಅಂತ ನಿಂಗೆ ಗೊತ್ತಿಲ್ವಾ?"

"ಹಂಗಂದ್ರೆ ಮೊದ್ಲು ನನ್ನ ಹೊರಗೆ ಹಾಕ್ಬೇಕು ಮುತ್ಯಾಲಕ್ಕ," ಅಂದಳು ವೆಂಕಟರತ್ನಮ್ಮ. "ಈ ಹುಳಾನೆಲ್ಲ ಮರಿಯಿಂದ ಮೇಯಿಸಿರೋದು ಹೆದರಿದ ಮೈಯೇ. ನೋಡು ಹೆಂಗವೆ."

ಮುತ್ಯಾಲಮ್ಮ ತಟ್ಟೆಗಳನ್ನು ನೋಡಿದಳು. ಕಿರುಬೆರಳಿಗಿಂತ ದಪ್ಪಗೆ, ಒಂದಕ್ಕೊಂದು ಸಮನಾಗಿ, ಹಾಲಿನ ಬಣ್ಣಕ್ಕಿದ್ದವು. ಇಷ್ಟು ಒಳ್ಳೆಯ ಹುಳು ಅವಳ ಮನೆಯಲ್ಲಿ ಈ ವರ್ಷ ಆಗಿರಲಿಲ್ಲ. ಬಾಗಿಲಲ್ಲೇ ನಿಂತು, "ಆ ಮೂಲೆ ತಟ್ಟೆಗೆ ಸೊಪ್ಪು ಸಾಲಲ್ಲ," ಎಂದು ಗೊಣಗಿದಳು. ಸಂಜೆ ಅವಳ ತೋಟದ ಒಂದು ಹೊರೆ ಸೊಪ್ಪು ಬಂತು.

ಅರುಣ್‌ಕುಮಾರ್ ಹೇಳಿದ್ದ ಸೋಮವಾರ ಬಂತು. ಅಂದೇ ಬೆಳಿಗ್ಗೆ ಹುಳುಗಳೂ ಹಣ್ಣಾಗತೊಡಗಿದ್ದವು. ಮೇವು ಬಿಟ್ಟು, ಮೈ ಹಳದಿ ಗಾಜಿನಂತಾಗಿ, ತಟ್ಟೆಯ ಅಂಚಿಗೆ ಬಂದು ತಲೆ ಆಡಿಸುತ್ತಿದ್ದವು. ಆಯಲು ಕೂರುವ ಮೊದಲು ಗಂಗಾಲಕ್ಷ್ಮಿ, ಭಾರತಮ್ಮ, ಶ್ವೇತ ಮೂವರೂ ರಸ್ತೆಗೆ ಬಂದು ನಿಂತರು. ಯಾರ ಕೈಯಲ್ಲೂ ಊಟದ ಬಾಕ್ಸಿರಲಿಲ್ಲ. ಅದನ್ನು ಅರುಣ್‌ಕುಮಾರ್ ಗಮನಿಸಲಿಲ್ಲ. ಟೆಂಪೋ ನಿಲ್ಲಿಸಿ ಇಳಿದು ಬಂದ, ಮುಖ ಅರಳಿತ್ತು.

"ಮೂರು ಜನಾನೂ ಬಂದ್ರಾ. ಮೇಡಂ ಊರಿಗೇ ಬಂದು ಹೋದ್ರಂತೆ. ಏನಕ್ಕ, ಭಯ ಹೋಯ್ತಾ?"

ಗಂಗಾಲಕ್ಷ್ಮಿ ಟೆಂಪೋದ ಹಿಂದಕ್ಕೆ ಹೋಗಿ ಬಲಗಾಲನ್ನು ಮೆಟ್ಟಿಲ ಮೇಲಿಟ್ಟಳು. ಎಡಗಾಲನ್ನು ನೆಲಕ್ಕೆ ಒತ್ತಿದಳು, ನೆಲ ಇತ್ತು. ಹಿಂದೆ ಭಾರತಮ್ಮನ ಕೋಲಿನ ಸದ್ದು, ಶ್ವೇತಳ ಉಸಿರು. ಎಡಗಾಲು ಎತ್ತಿದಳು. ಒಳಗೆ ನಿಂತಿದ್ದವರು ಸರಿದರು. ಅನಿತ ಯಾವಾಗಲೂ ಹಿಡಿಯುತ್ತಿದ್ದ, ಬಾಗಿಲ ಪಕ್ಕದ ಕಂಬಿಯನ್ನು ಹಿಡಿದಳು. ಇದು ಕಂಬಿ. ಇದು ತಾಡಪಾಲು. ಭಯ ಎಲ್ಲಿಗೂ ಹೋಗಿರಲಿಲ್ಲ, ಅದೂ ಅವಳ ಜೊತೆಗೇ ಹತ್ತಿ ನಿಂತಿತ್ತು. ನಿಂತರೆ ನಿಲ್ಲಲಿ ಅಂದುಕೊಂಡಳು. ಕೆರೆ ಕಟ್ಟೆಯ ಕಡೆ ಹೋಗುವ ರಸ್ತೆಯನ್ನು ಕಣ್ಣು ತುಂಬ ನೋಡಿದಳು. ಆಮೇಲೆ ಬಂದ ಹಾಗೆಯೇ, ಒಂದೊಂದೇ ಕಾಲಿಟ್ಟು ಇಳಿದಳು.

"ನೋಡಿದ್ಯಾ?" ಅಂದಳು. "ಹತ್ತಕ್ಕಾಗುತ್ತೆ. ಹತ್ತಲ್ಲ."

ಅರುಣ್‌ಕುಮಾರನಿಗೆ ಅರ್ಥವಾಗಲಿಲ್ಲ. "ಆಗುತ್ತೆ ಅಂದ್ಮೇಲೆ ಇನ್ನೇನಕ್ಕ?"

"ನನಗೆ ಹುಷಾರಾಗಿದ್ದು ಇದನ್ನ ಹತ್ತೋಕಲ್ಲ ಕಣೋ. ಇದು ಟೊಮೆಟೊ ಗಾಡಿ. ನಾವು ಹೆದರ್ಕೊಂಡಿದ್ದು ನಮ್ ರೋಗ ಅಂತ ಊರೆಲ್ಲ ಔಷಧಿ ಹುಡುಕಿದ್ರಿ. ಗಾಡಿಗೆ ಬರೀ ಬಣ್ಣ ಬಳಿದ್ಯಲ್ಲ, ಅದಕ್ಕೇನು? ಸೀಟಿರೋ ಗಾಡಿ ತಗೊಂಡ್ ಬಾ, ಅವತ್ತು ಬರ್ತೀವಿ."

"ಅದು ನನ್ ಕೈಲಿದೆಯಾ? ನೀನು ನೋಡಿದ್ರೆ ಕಾರ್ಖಾನೆಯವ್ರ ಬಾಯಿಗೆ ನನ್ನ ಹಾಕ್ತೀಯ. ಇವತ್ತು ಬರ್ದಿದ್ರೆ ಜಾಗ ಹೋಗುತ್ತೆ, ಆಮೇಲೆ ನನ್ನ ಬೈಬೇಡಿ." ಅವನು ಭಾರತಮ್ಮನ ಕಡೆ ತಿರುಗಿದ. ಅವಳಿಗೆ ಎರಡು ಹೊತ್ತಿನ ಊಟಕ್ಕೂ ಆ ಕೆಲಸವೇ ದಿಕ್ಕು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. "ಭಾರತಕ್ಕ, ನೀನಾದ್ರೂ ಬಾ. ಆಗೋರು ಇವತ್ತು ಬನ್ನಿ, ಮಿಕ್ಕೋರು ಆಮೇಲೆ ಬರ್ಲಿ."

ಭಾರತಮ್ಮ ಟೆಂಪೋವನ್ನು ನೋಡಿದಳು. ತನ್ನ ಕೋಲನ್ನು ನೋಡಿಕೊಂಡಳು. ಗಂಗಾಲಕ್ಷ್ಮಿಗೆ ಒಂದು ಕ್ಷಣ ಹೆದರಿಕೆಯಾಯಿತು, ಟೆಂಪೋದಲ್ಲಿ ನಿಂತಾಗ ಆದದ್ದಕ್ಕಿಂತ ಹೆಚ್ಚು. ಇವಳು ಹತ್ತಿದರೆ ತಡೆಯುವ ಹಕ್ಕು ತನಗಿರಲಿಲ್ಲ. ಭಾರತಮ್ಮ ಪಕ್ಕಕ್ಕೆ ತಿರುಗಿ, ಎಲೆ ಅಲುಗಿದಂತೆ ನಡುಗುತ್ತಾ ನಿಂತಿದ್ದ ಶ್ವೇತಳನ್ನು ನೋಡಿದಳು.

"ಒಂದು ಇನ್ನೂ ಎದ್ದಿಲ್ಲ ಕಣಪ್ಪ," ಅಂದಳು. "ನಿಮ್ಮಮ್ಮನೂ ಹುಳ ಮೇಯಿಸ್ತಾಳೆ. ಎಲ್ಲ ಏಳ್ದೆ ಸೊಪ್ಪು ಹಾಕ್ತಾಳಾ, ಹೋಗಿ ಕೇಳು."

ಅರುಣ್‌ಕುಮಾರ್ ಬೆಳೆದದ್ದೂ ಹುಳುಮನೆಯಲ್ಲೇ. ಅವನು ಸೀಟಿಗೆ ಹತ್ತಿ ಕೂತು ಗಾಡಿ ಶುರು ಮಾಡಿದ. ಆಗ ಒಳಗಿನಿಂದ, "ಅಣ್ಣಾ, ತಡಿಯಣ್ಣ," ಎಂಬ ಕೂಗು ಕೇಳಿತು. ಹಿಂದಿನ ಸಲ ಬಾಕ್ಸು ಕೇಳಿದ್ದ ಪಕ್ಕದೂರಿನ ಹುಡುಗಿ ಗುಂಪಿನಿಂದ ನುಸುಳಿ ಬಂದು ಕೆಳಗೆ ಜಿಗಿದಳು. ಯಾರ ಮುಖವನ್ನೂ ನೋಡದೆ, ತನ್ನ ಊರಿನ ದಾರಿ ಹಿಡಿದು ನಡೆದುಬಿಟ್ಟಳು. ಟೆಂಪೋ ಸ್ವಲ್ಪ ಹೊತ್ತು ಹಾಗೇ ಗುರುಗುಟ್ಟುತ್ತಾ ನಿಂತಿತ್ತು, ಆಮೇಲೆ ಹೊರಟಿತು. ಸೀಟಿನ ಗಾಡಿ ಬರುತ್ತದೋ ಇಲ್ಲವೋ, ಬಂದರೂ ತಮ್ಮ ಜಾಗ ಉಳಿದಿರುತ್ತದೋ ಇಲ್ಲವೋ, ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಬನ್ರೇ, ಹುಳ ಕಾಯಲ್ಲ," ಅಂದಳು ಭಾರತಮ್ಮ.

ಹುಳುಮನೆ ಈಗ ನಿಶ್ಶಬ್ದವಾಗಿತ್ತು. ಮಳೆ ನಿಂತಂತೆ. ವೆಂಕಟರತ್ನಮ್ಮ ಚಂದ್ರಿಕೆಗಳನ್ನು ಗೋಡೆಗೆ ಸಾಲಾಗಿ ಆನಿಸಿಟ್ಟಿದ್ದಳು. ಮುತ್ಯಾಲಮ್ಮ ಯಾರೂ ಕರೆಯದೆ ಬಂದು ಆಯಲು ಕೂತಾಗಿತ್ತು. ಗಂಗಾಲಕ್ಷ್ಮಿ ಅವಳ ಎದುರು ಕೂತಳು. ಅತ್ತೆ ಹಣ್ಣು ಹುಳುಗಳ ತಟ್ಟೆಯನ್ನು ಸೊಸೆಯ ಕಡೆ ಸರಿಸಿದಳು. ಮಧ್ಯಾಹ್ನದವರೆಗೂ ಆಯ್ದರು. ಒಂದು ಚಂದ್ರಿಕೆ ಮಾತ್ರ ಖಾಲಿ ಉಳಿದಿತ್ತು, ಬಾಗಿಲ ಪಕ್ಕದ್ದು. ಅಲ್ಲಿ ಯಾವಾಗಲೂ ಅನಿತ ಕೂರುತ್ತಿದ್ದಳು. ಅದನ್ನು ಯಾರೂ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಹೊರಗೆ ಕತ್ತಲು ಕವಿದು, ಸೂರಿನ ಶೀಟಿನ ಮೇಲೆ ಪಟಪಟ ಹನಿ ಬಿತ್ತು. ನಿಜವಾದ ಮಳೆ. ಎಲ್ಲರ ಕೈಗಳೂ ನಿಂತವು. ಗಂಗಾಲಕ್ಷ್ಮಿ ಕಾಲು ಒತ್ತಿದಳು, ಭಾರತಮ್ಮ ಕೋಲು ಹಿಡಿದಳು, ಇಬ್ಬರೂ ಹೊಸ್ತಿಲಿನ ಕಡೆ ನೋಡಿದರು. ಶ್ವೇತ ಅಲ್ಲಿ ಎದ್ದು ನಿಂತಿದ್ದಳು. ಹೋಗಬೇಡ ಎಂದು ಯಾರೂ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ.

ಅವಳು ಒಳಗೆ ಬಂದು ಬಾಗಿಲ ಪಕ್ಕದ ಚಂದ್ರಿಕೆಯ ಮುಂದೆ ಕೂತಳು. ವೆಂಕಟರತ್ನಮ್ಮ ತನ್ನ ತಟ್ಟೆಯನ್ನು ಅವಳ ಮೊಣಕಾಲಿನ ಹತ್ತಿರಕ್ಕೆ ತಂದಿಟ್ಟಳು. ಶ್ವೇತ ಒಂದು ಹುಳುವನ್ನು ಎರಡು ಬೆರಳಲ್ಲಿ ಎತ್ತಿದಳು. ಬೆರಳು ನಡುಗುತ್ತಿದ್ದವು. ಹುಳು ಆ ನಡುಗುವ ಬೆರಳಿನಿಂದಲೇ ಮೆಲ್ಲಗೆ ಬಿದಿರಿಗೆ ಇಳಿದು, ತಲೆಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ಆಡಿಸಿ, ಮೊದಲ ಎಳೆಯನ್ನು ಅಂಟಿಸಿತು.